ಒಂದು ಕಾಲಂ, ಒಂದು ಸಾಲು: ಪಹಣಿಯ ಹೋಳುಗಳ ಕಥೆ

ಮಂಡ್ಯ, ಮದ್ದೂರು, ಮಳವಳ್ಳಿ – ಈ ಮೂರರಲ್ಲಿ ಯಾವ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮುಂದೆ ನಿಂತರೂ ಒಂದು ಬೇಡಿಕೆ ಕಿವಿಗೆ ಬೀಳಬಹುದು: ‘ಎಪ್ಪತ್ಮೂರು ಎಪ್ಪತ್ನಾಕನೇ ಸಾಲಿನ ಪಹಣಿ ಬೇಕಿತ್ತು ಸ್ವಾಮಿ.’ ಐವತ್ತು ವರ್ಷ ಹಳೆಯ ಕಾಗದ. ಅದನ್ನು ಕೇಳುವವರು ಆಗ ಹುಟ್ಟಿಯೇ ಇರಲಿಲ್ಲ ಎನ್ನುವುದೂ ಉಂಟು.

ಕೇಳುವವರಿಗೆ ಇಡೀ ಊರಿನ ಪಹಣಿ ಬೇಡ. ತಮ್ಮ ಜಮೀನಿನ ಎಲ್ಲ ವರ್ಷಗಳ ಲೆಕ್ಕವೂ ಬೇಡ. ಬೇಕಾದದ್ದು ಒಂದು ಸರ್ವೆ ನಂಬರು, ಅದರ 12ನೇ ಕಾಲಂ, ಆ ಒಂದು ವರ್ಷ. ಮೂರು ಗೆರೆಗಳು ಕೂಡುವಲ್ಲಿ ಒಂದು ಪುಟ್ಟ ಚೌಕ. ಆ ಚೌಕದಲ್ಲಿ ತಾತನ ಹೆಸರಿದ್ದರೆ ಮನೆತನದ ಕಥೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು ಬಗೆ.

ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಇದೇ ಬೇಡಿಕೆಯನ್ನು ಒಂದು ಗೆರೆಯಲ್ಲಿ ಬರೆದುಬಿಡುತ್ತಾರೆ: ಪಹಣಿ[84, 12, 1973]. ಚೌಕ ಆವರಣದೊಳಗೆ ಮೊದಲು ಸರ್ವೆ ನಂಬರು, ಆಮೇಲೆ ಕಾಲಂ, ಕೊನೆಗೆ ವರ್ಷ. (84 ಎಂಬುದು ಉದಾಹರಣೆಗಾಗಿ ಹಿಡಿದ ನಂಬರು. ನಿಜವಾದ ಪ್ರೋಗ್ರಾಮಿನಲ್ಲಿ ವರ್ಷಗಳನ್ನೂ ಸೊನ್ನೆಯಿಂದಲೋ ಒಂದರಿಂದಲೋ ಎಣಿಸಬೇಕಾದೀತು. ಅರ್ಥವಾಗಲು ಇಷ್ಟು ಸಾಕು.) ಹೀಗೆ ಹಲವು ದಿಕ್ಕುಗಳಲ್ಲಿ ಎಣಿಸಬಹುದಾದ ಕೋಷ್ಟಕಕ್ಕೆ ಬಹು ಆಯಾಮದ ಅರೇ ಎಂದು ಹೆಸರು. ಒಂದು ಚೌಕವಲ್ಲ, ಒಂದು ಇಡೀ ಪದರವೇ ಬೇಕಿದ್ದರೆ? ಸಂಖ್ಯೆಯ ಜಾಗದಲ್ಲಿ ಎರಡು ಚುಕ್ಕಿಯ ವಿವರಣ ಚಿಹ್ನೆ ಇಟ್ಟರಾಯಿತು. ಪಹಣಿ[84, 12, :] ಎಂದರೆ 84ನೇ ನಂಬರನ್ನು ಯಾವ ಯಾವ ವರ್ಷ ಯಾರು ಉತ್ತರು ಎಂಬುದು. ಪಹಣಿ[:, 12, 1973] ಎಂದರೆ ಆ ಒಂದು ವರ್ಷ ಊರಿನ ಎಲ್ಲ ಹೊಲಗಳನ್ನೂ ಯಾರು ಯಾರು ಉತ್ತರು ಎಂಬುದು. ಎರಡು ಚುಕ್ಕಿಗೆ ‘ಈ ದಿಕ್ಕಿನಲ್ಲಿ ಇರುವುದೆಲ್ಲ’ ಎಂದು ಅರ್ಥ. ಹೀಗೆ ಕೊಯ್ದ ಭಾಗವೇ ಹೋಳು, ಅವರ ಮಾತಿನಲ್ಲಿ ಸ್ಲೈಸ್.

ನೋಡಲು ಇದು ಆಟದಂತಿದೆ. ಆದರೆ ಒಂದು ಲೆಕ್ಕವನ್ನು ಯಾವ ದಿಕ್ಕಿನಿಂದ ಕೊಯ್ಯಬಹುದು, ಕೊಯ್ಯುವ ಕತ್ತಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಅದು ಹೊಲದ ಬದುವಿನಿಂದಲೇ ಶುರುವಾಗುತ್ತದೆ.

ಮೈಸೂರು ಸೀಮೆಯಲ್ಲಿ ಹೊಲಗಳಿಗೆ ಕ್ರಮವಾಗಿ ನಂಬರು ಬಿದ್ದದ್ದು 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯಿಂದ. ಬೌರಿಂಗ್ ಸಾಹೇಬರು ಕಮಿಷನರಾಗಿದ್ದ ಕಾಲ. ಅನುಸರಿಸಿದ್ದು ಬೊಂಬಾಯಿ ಪ್ರಾಂತ್ಯದ ಪದ್ಧತಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಊರೂರಿಗೆ ನಕಾಶೆ, ಹೊಲಹೊಲಕ್ಕೆ ಗಡಿಕಲ್ಲು, ಒಂದರಿಂದ ಮೇಲಕ್ಕೆ ನಂಬರು. ‘ಆಲದಮರದ ಹೊಲ’, ‘ಮಾರಿಗುಡಿ ಹಿಂದಿನ ಗದ್ದೆ’ ಎಂದು ಕರೆಸಿಕೊಳ್ಳುತ್ತಿದ್ದ ಭೂಮಿ ಲೆಕ್ಕದ ಮಟ್ಟಿಗೆ ಒಂದು ಸಂಖ್ಯೆಯಾಯಿತು. ಕೋಷ್ಟಕದ ಮೊದಲ ದಿಕ್ಕು ಹುಟ್ಟಿದ್ದು ಹೀಗೆ.

ಈ ಲೆಕ್ಕ ಇದ್ದದ್ದು ಶ್ಯಾನುಭೋಗರ ಹತ್ತಿರ. ಶ್ಯಾನುಭೋಗಿಕೆ ವಂಶಪಾರಂಪರ್ಯದ್ದು. ಸರ್ವೆ ನಂಬರಿನ ಕ್ರಮದಲ್ಲಿ ಬರೆದ ಪುಸ್ತಕ ಒಂದು, ಖಾತೆದಾರರ ಹೆಸರಿನ ಕ್ರಮದಲ್ಲಿ ಬರೆದದ್ದು ಇನ್ನೊಂದು. ಇರುವ ಸಂಗತಿ ಒಂದೇ, ಪುಸ್ತಕ ಎರಡು ಏಕೆ? ಮೊದಲನೆಯದರಲ್ಲಿ ‘ಈ ಹೊಲ ಯಾರದು’ ಎಂಬುದಕ್ಕೆ ಉತ್ತರ ತಕ್ಷಣ ಸಿಗುತ್ತದೆ. ‘ಈತನಿಗೆ ಎಲ್ಲೆಲ್ಲಿ ಹೊಲವಿದೆ’ ಎಂದರೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಾಡಿಸಬೇಕು. ಎರಡನೆಯದರಲ್ಲಿ ಇದಕ್ಕೆ ತದ್ವಿರುದ್ಧ. ಕಾಗದದ ಮೇಲಿನ ಲೆಕ್ಕ ಒಂದೇ ಕಡೆಯಿಂದ ಸಲೀಸಾಗಿ ಕೊಯ್ಯಲು ಬರುತ್ತದೆ. ಇನ್ನೊಂದು ಕಡೆಯಿಂದ ಕೊಯ್ಯಬೇಕಾದರೆ ಅದನ್ನೆಲ್ಲ ಮತ್ತೊಮ್ಮೆ ಬರೆಯಬೇಕು. ಮೂರನೆಯ ಕಡೆಯ ಪುಸ್ತಕ ಬರೆದಿರಲಿಲ್ಲ. ಅದು ಶ್ಯಾನುಭೋಗರ ನೆನಪಿನಲ್ಲಿತ್ತು. ಅವರ ವರ್ಚಸ್ಸಿಗೆ ಅಕ್ಷರಜ್ಞಾನವೊಂದೇ ಕಾರಣವಲ್ಲ, ಈ ಅಡ್ಡಕೊಯ್ತದ ನೆನಪೂ ಕಾರಣ.

ಮಂಡ್ಯ ಸೀಮೆಯ ಜನ ವರ್ಷ ಎಂಬ ದಿಕ್ಕನ್ನು ತೀವ್ರವಾಗಿ ಅನುಭವಿಸಿದ್ದು ನಾಲೆ ಬಂದ ಮೇಲೆ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಹುಲಿಕೆರೆಯ ಸುರಂಗ ಹಾದು ಬರುವ ಇರ್ವಿನ್ ನಾಲೆ – ಈಗಿನ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ‘ವಿ.ಸಿ. ನಾಲೆ’ – 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಖುಷ್ಕಿ ಭೂಮಿಗೆ ನೀರು ತಂದಿತು. ನೀರು ಎಲ್ಲರಿಗೂ ಸಾಲಬೇಕು, ಭೂಮಿಯೂ ಜವುಗಾಗಬಾರದು. ಅದಕ್ಕಾಗಿ ಹಾಕಿದ್ದು ಬ್ಲಾಕ್ ಪದ್ಧತಿ. ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ಮೊದಲೇ ಪ್ರಯೋಗ ಮಾಡಿದ್ದ ವಿಚಾರವದು. ಜಮೀನನ್ನು ಮೂರು ಭಾಗ ಮಾಡಿ, ಒಂದಕ್ಕೆ ಕಬ್ಬು, ಒಂದಕ್ಕೆ ಭತ್ತ, ಒಂದಕ್ಕೆ ರಾಗಿಯಂತಹ ಕಡಿಮೆ ನೀರಿನ ಬೆಳೆ. ಮೂರು ವರ್ಷಕ್ಕೆ ಒಂದು ಸುತ್ತು.

ಇದನ್ನು ಚೌಕಗಳಾಗಿ ಬರೆದರೆ ಸ್ವಾರಸ್ಯವಿದೆ. ಉದಾಹರಣೆಗೆ ಮೊದಲ ಭಾಗಕ್ಕೆ ವರ್ಷಾನುಕ್ರಮವಾಗಿ ಕಬ್ಬು, ರಾಗಿ, ಭತ್ತ. ಎರಡನೆಯದಕ್ಕೆ ಭತ್ತ, ಕಬ್ಬು, ರಾಗಿ. ಮೂರನೆಯದಕ್ಕೆ ರಾಗಿ, ಭತ್ತ, ಕಬ್ಬು. ಅಡ್ಡಲಾಗಿ ಓದಿದರೆ ಒಬ್ಬ ರೈತನ ಮೂರು ವರ್ಷದ ಬದುಕು. ಉದ್ದಕ್ಕೆ ಓದಿದರೆ ಒಂದು ವರ್ಷ ಇಡೀ ಬ್ಲಾಕಿಗೆ ಎಷ್ಟು ನೀರು ಬೇಕು ಎಂಬ ನೀರಾವರಿ ಇಲಾಖೆಯ ಲೆಕ್ಕ. ಆದರೆ 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಬೇಕಾದದ್ದು ಕಬ್ಬು ಮಾತ್ರ, ಅದು ಪ್ರತಿ ವರ್ಷವೂ ಬೇಕು. ಕಬ್ಬಿನ ಚೌಕಗಳು ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುತ್ತವೆ! ಎರಡು ಚುಕ್ಕಿಯ ಕತ್ತಿ ಅಡ್ಡಕ್ಕೂ ಉದ್ದಕ್ಕೂ ಕೊಯ್ಯುತ್ತದೆಯೇ ಹೊರತು ಓರೆಯಾಗಿ ಕೊಯ್ಯುವುದಿಲ್ಲ. ಇಂದಿಗೂ ಓರೆ ಸಾಲು ಬೇಕೆಂದರೆ ಪ್ರೋಗ್ರಾಂ ಬರೆಯುವವರು ಬೇರೆಯೇ ಆಜ್ಞೆ ಕೊಡಬೇಕು. ಕಾರ್ಖಾನೆಯ ಕಡೆಯವರಿಗೂ ಈ ವರ್ಷ ಕಬ್ಬು ಯಾವ ಊರಿನ ಯಾವ ಭಾಗದಲ್ಲಿದೆ ಎಂದು ಬೇರೆಯೇ ಪಟ್ಟಿ ಬೇಕಿತ್ತು. ಅದಿರಲಿ, ನೀರು ಕಂಡ ರೈತ ರಾಗಿಯ ಸರದಿಗೆ ಕಾಯಲಿಲ್ಲ. ಕಬ್ಬು, ಭತ್ತಗಳು ತಮ್ಮ ಚೌಕ ಬಿಟ್ಟು ಹರಡಿದವು. ಕಾಗದದ ಮೇಲಿನ ಸುತ್ತು ಕಾಗದದ ಮೇಲೇ ಉಳಿಯಿತು.

ಸರ್ವೆ ನಂಬರು, ವಿವರ, ವರ್ಷ – ಈ ಮೂರೂ ಒಂದೇ ದಾಖಲೆಯಲ್ಲಿ ಕೂಡಿದ್ದು ಪಹಣಿಯಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶ್ಯಾನುಭೋಗಿಕೆ ಹೋಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳು ಈಗಿನ ಪಹಣಿಗೆ ರೂಪ ಕೊಟ್ಟವು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ಹೇಳುವ ಪತ್ರ. ಮೊದಲಿಗೆ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ. 9ನೇ ಕಾಲಂ ಸ್ವಾಧೀನದಾರನ ಹೆಸರಿಗೆ, 11ನೆಯದು ಸಾಲ ಮುಂತಾದ ಋಣಗಳಿಗೆ. 12ನೆಯದರಲ್ಲಿ ವರ್ಷವಾರು ಬೆಳೆ, ಮತ್ತು ಅದರ ಎರಡನೆಯ ಉಪ ಕಾಲಮಿನಲ್ಲಿ ನಿಜವಾಗಿ ಉಳುವವನ ಹೆಸರು.

ಇಲ್ಲಿ ಭಾಷೆಯ ಒಂದು ಚಮತ್ಕಾರವಿದೆ. ಕಚೇರಿಯ ಕನ್ನಡದಲ್ಲಿ ‘73–74ನೇ ಸಾಲು’ ಎಂದರೆ ವರ್ಷ. ಪಾರಸಿಯಿಂದ ಬಂದ ಮಾತು. ಮನೆಗನ್ನಡದಲ್ಲಿ ಸಾಲು ಎಂದರೆ ಒಂದರ ಪಕ್ಕ ಒಂದು ನಿಂತದ್ದು, ನೇಗಿಲು ಎಳೆದದ್ದು. ಪಹಣಿಯ ಮೇಲೆ ಎರಡೂ ಸಾಲುಗಳು ಒಂದಾಗಿವೆ.

9ನೇ ಕಾಲಮಿನಲ್ಲಿ ಒಬ್ಬರು, 12ನೆಯದರಲ್ಲಿ ಇನ್ನೊಬ್ಬರು: ಇಷ್ಟರಲ್ಲೇ ಗೇಣಿಯ ಚರಿತ್ರೆಯೆಲ್ಲ ಅಡಗಿತ್ತು. ಕರಾವಳಿಯಷ್ಟು ಗೇಣಿ ಮಂಡ್ಯದ ಕಡೆ ಇರಲಿಲ್ಲ, ಸ್ವಂತ ಉಳುವ ಸಣ್ಣ ಹಿಡುವಳಿಗಳೇ ಹೆಚ್ಚು. ಆದರೂ ವಾರಕ್ಕೆ, ಗುತ್ತಿಗೆಗೆ ಮಾಡುವವರು ಇದ್ದೇ ಇದ್ದರು. ಬಾಯಿಮಾತಿನ ಒಪ್ಪಂದ, ಕರಾರುಪತ್ರವಿಲ್ಲ, ರಸೀತಿಯಿಲ್ಲ. ದೇವರಾಜ ಅರಸರ ಸರ್ಕಾರ ತಂದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನಕ್ಕೆ ನಿಕಟಪೂರ್ವದಲ್ಲಿ ಗೇಣಿದಾರರ ಕೈಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು; ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಪಡೆಯಬೇಕು. ಕೊನೆಯ ಗಡುವು 1979ರ ಜೂನ್ 30. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ವಿಚಾರಣೆಗೆ ಭೂ ನ್ಯಾಯಮಂಡಳಿಗಳು ಕೂತವು.

ನ್ಯಾಯಮಂಡಳಿಯ ಮುಂದೆ ಮೊದಲು ಬರುತ್ತಿದ್ದ ಪ್ರಶ್ನೆ: ಪಹಣಿ ಏನು ಹೇಳುತ್ತದೆ? ಭೂಕಂದಾಯ ಕಾಯ್ದೆಯ 133ನೇ ಪ್ರಕರಣದ ಪ್ರಕಾರ ದಾಖಲೆಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ನಿಜ. ಅಂದರೆ 12ನೇ ಕಾಲಮಿನಲ್ಲಿ ಹೆಸರಿದ್ದವನಿಗೆ ಅರ್ಧ ಗೆಲುವು. ಇಲ್ಲದವನು ಸಾಕ್ಷಿಗಳನ್ನು ಹುಡುಕಿ, ಅಕ್ಕಪಕ್ಕದ ಹೊಲದವರನ್ನು ಕರೆತಂದು, ಬರೆದದ್ದು ತಪ್ಪೆಂದು ತೋರಿಸಬೇಕು. ಎಷ್ಟೋ ಕಡೆ ಧಣಿಯ ಮುಲಾಜಿಗೆ, ಎಷ್ಟೋ ಕಡೆ ಬರೀ ಉದಾಸೀನಕ್ಕೆ, ಆ ಚೌಕದಲ್ಲಿ ‘ಸ್ವಂತ’ ಎಂದು ಬರೆದು ಮುಗಿಸಿದ್ದರು. ಗೆಯ್ದವನಿಗೆ ತನ್ನ ಹೆಸರು ಅಲ್ಲಿಲ್ಲ ಎಂದು ಗೊತ್ತಾಗುವುದಾದರೂ ಹೇಗೆ? ಪಹಣಿ ಪುಸ್ತಕ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಓದಲು ಬರುತ್ತಿರಲಿಲ್ಲ.

ವಿಚಾರಣೆ ನಡೆಸುವವರು ಒಂದೇ ವರ್ಷ ನೋಡಿ ಬಿಡುವಂತೆಯೂ ಇರಲಿಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ಅದೇ ಹೆಸರು ಬಂದಿದೆಯೇ, ಕೊನೆಯ ವರ್ಷ ಮಾತ್ರ ಸೇರಿಸಿದ್ದೇ ಅಥವಾ ತೆಗೆದದ್ದೇ ಎಂಬುದೂ ಮುಖ್ಯ. ಎರಡು ಚುಕ್ಕಿಯ ಭಾಷೆಯಲ್ಲಿ ಇದು ಪಹಣಿ[84, 12, 1969:1974]. ಪೈಥಾನ್ ಎಂಬ ಭಾಷೆಯಲ್ಲಿ ಹೀಗೆ ಬರೆದರೆ 1969ರಿಂದ 1973ರವರೆಗೆ ಸಿಗುತ್ತದೆ, 1974 ಸೇರುವುದಿಲ್ಲ. ಮೊದಲನೆಯದು ಒಳಗೆ, ಕೊನೆಯದು ಹೊರಗೆ. ‘ಸೋಮವಾರದಿಂದ ಗುರುವಾರದವರೆಗೆ’ ಎಂದರೆ ಗುರುವಾರವನ್ನೂ ಎಣಿಸುವ ನಮ್ಮ ಜನಕ್ಕೆ ಇದು ವಿಚಿತ್ರವೆನಿಸೀತು. ಆದರೆ ಕಂದಾಯದ ಸಾಲುಗಳು ಎರಡು ವರ್ಷಕ್ಕೆ ಕಾಲು ಚಾಚಿ ನಿಂತಿರುವುದನ್ನು ಗಮನಿಸಬೇಕು. ಮಾರ್ಚ್ 1, 1974 ಎಂಬ ದಿನ 1973–74ನೇ ಸಾಲಿನ ಒಳಗೇ ಬರುತ್ತದೆ. ಕ್ಯಾಲೆಂಡರು ನೋಡಿ ‘ಎಪ್ಪತ್ನಾಕರ ಪಹಣಿ’ ಎಂದು 1974–75ನೆಯದನ್ನು ತಂದವನು ಬೇಡದ ಚೌಕವನ್ನು ಹಿಡಿದು ಬಂದ ಹಾಗೆ. ಒಂದು ಮನೆ ಆಚೀಚೆಯಾಗುವ ಈ ತಪ್ಪು ಪ್ರೋಗ್ರಾಂ ಬರೆಯುವವರಿಗೆ ಚಿರಪರಿಚಿತ. ಎಣಿಕೆ ಸೊನ್ನೆಯಿಂದ ಶುರುವಾಗಬೇಕು, ಕೊನೆಯ ಅಂಕೆ ಹೊರಗಿರಬೇಕು ಎಂದು ಡಚ್ ವಿಜ್ಞಾನಿ ಡೈಕ್ಸ್ಟ್ರಾ 1982ರಲ್ಲಿ ಒಂದು ಪುಟ್ಟ ಟಿಪ್ಪಣಿಯನ್ನೇ ಬರೆದರು. ಅವರ ವಾದ ಸರಳ: ಹೀಗೆ ಬರೆದರೆ ಎರಡು ಅಂಕೆಗಳ ವ್ಯತ್ಯಾಸವೇ ಹೋಳಿನ ಉದ್ದ, ಮತ್ತು ಒಂದು ಹೋಳು ಮುಗಿದಲ್ಲೇ ಮುಂದಿನದು ಶುರು. 1974ರಿಂದ 1969 ಕಳೆದರೆ ಐದು. ಸಿಗುವ ಸಾಲುಗಳೂ ಐದು.

ಯಂತ್ರದೊಳಗೆ ಈ ಕೊಯ್ತ ನಡೆಯುವ ಬಗೆ ಶ್ಯಾನುಭೋಗರ ಎರಡು ಪುಸ್ತಕಗಳನ್ನೇ ನೆನಪಿಸುತ್ತದೆ. ಕಂಪ್ಯೂಟರಿನ ಸ್ಮರಣೆಯಲ್ಲಿ ಮೂರು ದಿಕ್ಕುಗಳಿಲ್ಲ, ಇರುವುದು ಉದ್ದನೆಯ ಒಂದೇ ಸಾಲು. 200 ಸರ್ವೆ ನಂಬರು, 12 ಕಾಲಂ, 10 ವರ್ಷದ ಪಹಣಿ ಎಂದರೆ 24,000 ಚೌಕಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬೇಕು. ವರ್ಷಗಳನ್ನು ಪಕ್ಕಪಕ್ಕಕ್ಕೆ ಇಟ್ಟರೆ ಒಂದು ಹೊಲದ ಹತ್ತು ವರ್ಷದ ಸಾಗುವಳಿದಾರರು ಹತ್ತು ಅಕ್ಕಪಕ್ಕದ ಚೌಕಗಳಲ್ಲಿ ಸಿಗುತ್ತಾರೆ. ಆದರೆ ಒಂದು ವರ್ಷದ ಇಡೀ ಊರು ಬೇಕೆಂದರೆ 120 ಚೌಕಕ್ಕೊಮ್ಮೆ ಹಾರುತ್ತ ಹೋಗಬೇಕು. 1957ರಲ್ಲಿ ಐ.ಬಿ.ಎಂ.ನ ಜಾನ್ ಬ್ಯಾಕಸ್ ತಂಡ ತಂದ ಫೋರ್ಟ್ರಾನ್ ಮೊದಲ ದಿಕ್ಕನ್ನು ಪಕ್ಕಪಕ್ಕಕ್ಕೆ ಇಡುತ್ತದೆ, ಆಮೇಲೆ ಬಂದ ಸಿ ಭಾಷೆ ಕೊನೆಯ ದಿಕ್ಕನ್ನು ಇಡುತ್ತದೆ. ಒಬ್ಬರದು ನಂಬರುವಾರು ಪುಸ್ತಕ, ಇನ್ನೊಬ್ಬರದು ಖಾತೆವಾರು ಪುಸ್ತಕ ಎಂದರೆ ತಪ್ಪಿಲ್ಲ. ಯಂತ್ರದ ಅನುಕೂಲವೆಂದರೆ ಎಷ್ಟು ಹಾರಬೇಕೆಂಬ ಗುಣಾಕಾರವನ್ನು ಅದೇ ಮಾಡಿಕೊಳ್ಳುತ್ತದೆ. ಎರಡನೆಯ ಪುಸ್ತಕ ಬರೆಯಬೇಕಿಲ್ಲ.

ಮೊದಲ ಫೋರ್ಟ್ರಾನಿಗೆ ಮೂರು ದಿಕ್ಕಿನ ಅರೇ ಗೊತ್ತಿತ್ತು, ಆದರೆ ಹೋಳು ಗೊತ್ತಿರಲಿಲ್ಲ. ಚೌಕ ಚೌಕವಾಗಿಯೇ ಓದಬೇಕಿತ್ತು. ಗಣಿತಜ್ಞ ಕೆನೆತ್ ಐವರ್ಸನ್ ಅವರ 1962ರ ಪುಸ್ತಕದಿಂದ ಬೆಳೆದ ಎ.ಪಿ.ಎಲ್. ಭಾಷೆಯಲ್ಲಿ ಅಂಕೆಯ ಜಾಗ ಖಾಲಿ ಬಿಟ್ಟರೆ ‘ಎಲ್ಲವೂ’ ಎಂದು ಅರ್ಥವಾಯಿತು. ಅಲ್ಗಾಲ್ 68 ಎಂಬ ಭಾಷೆ ಎರಡು ಚುಕ್ಕಿಯಿಂದ ಮೊದಲು-ಕೊನೆ ಹೇಳುವುದನ್ನು ತಂದಿತು. ಫೋರ್ಟ್ರಾನಿಗೆ ಅದು ಬಂದದ್ದು 1990ರ ಆವೃತ್ತಿಯಲ್ಲಿ. 1991ರಲ್ಲಿ ಹೊರಬಂದ ಪೈಥಾನಿಗೆ ವಿಜ್ಞಾನಿಗಳ ಲೆಕ್ಕಕ್ಕಾಗಿ ಜಿಮ್ ಹ್ಯೂಗುನಿನ್ 1995ರಲ್ಲಿ ‘ನ್ಯೂಮರಿಕ್’ ಜೋಡಿಸಿದರು. ಅಲ್ಪವಿರಾಮ ಮತ್ತು ಎರಡು ಚುಕ್ಕಿಯನ್ನು ಒಟ್ಟಿಗೆ ಬಳಸುವ ಈಗಿನ ರೂಢಿ ಪೈಥಾನಿಗೆ ಬಂದದ್ದು ಅದರಿಂದ. ಅದರ ಮುಂದಿನ ತಲೆಮಾರೇ ಇಂದಿನ ನಂಪೈ.

ನಂಪೈಯಲ್ಲಿ ಹೋಳು ಎಂದರೆ ನಕಲಲ್ಲ, ಕಿಟಕಿ. ಹೋಳಿನಲ್ಲಿ ಒಂದು ಹೆಸರು ತಿದ್ದಿದರೆ ಮೂಲದಲ್ಲೂ ತಿದ್ದಿದಂತೆಯೇ. ಪೈಥಾನಿನ ಸಾಮಾನ್ಯ ಪಟ್ಟಿಯ ಹೋಳು ಹಾಗಲ್ಲ, ಅದು ನಕಲು. ಮೂಲ ಇದ್ದಂತೆ ಇರುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲೇ. ಪಹಣಿಯ ವಿಷಯದಲ್ಲಿ ಈ ವ್ಯತ್ಯಾಸ ರೈತನಿಗೆ ಚೆನ್ನಾಗಿ ಗೊತ್ತು. ಕೈಬರಹದ ಕಾಲದಲ್ಲಿ ಅವನ ಕೈಗೆ ಬರುತ್ತಿದ್ದುದು ನಕಲು. ಮನೆಯ ಟ್ರಂಕಿನಲ್ಲಿ ಅದು ಭದ್ರವಾಗಿದ್ದಾಗಲೇ ಮೂಲ ಪುಸ್ತಕದಲ್ಲಿ ಇನ್ನೊಂದು ಹೆಸರು ಏರಿರಬಹುದಿತ್ತು.

ಈ ಕಥೆಯಲ್ಲಿ ಮದ್ದೂರಿಗೆ ವಿಶೇಷ ಸ್ಥಾನವಿದೆ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಮೊದಮೊದಲ ಕೇಂದ್ರಗಳಲ್ಲಿ ಮದ್ದೂರು ತಾಲ್ಲೂಕು ಕಚೇರಿಯದೂ ಒಂದು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅದೇ ತಾಲ್ಲೂಕಿನ ಸೋಮನಹಳ್ಳಿಯವರು, 1999ರಲ್ಲಿ ಮದ್ದೂರಿನಿಂದಲೇ ಗೆದ್ದವರು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ದಾಖಲೆಗಳು ಕೆಲವೇ ವರ್ಷಗಳಲ್ಲಿ ಯಂತ್ರಕ್ಕೆ ಹೋದವು. ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದರೆ ಪಹಣಿ ಅಚ್ಚಾಗಿ ಬರುತ್ತಿತ್ತು. ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು; ಒಳಗೆ ಏನು ಬರೆದಿದೆ ಎಂದು ಅವನೇ ನೋಡಬಹುದಾಗಿತ್ತು. ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರ್ಕಾರ ಪ್ರಕಟಿಸಿತು.

ಯಂತ್ರ ಎಲ್ಲವನ್ನೂ ಬಿಡಿಸಿತು ಎನ್ನುವಂತಿಲ್ಲ. ಅರೇಯ ದಿಕ್ಕುಗಳು ಸ್ಥಿರವಾಗಿರಬೇಕು, ಭೂಮಿ ಹಾಗಿರುವುದಿಲ್ಲ. ಅಣ್ಣತಮ್ಮಂದಿರು ಭಾಗವಾದಂತೆ 84 ಹೋಗಿ 84/1, 84/2 ಆಗುತ್ತದೆ. ಪೋಡಿಯಾಗದಿದ್ದರೆ ಒಂದೇ ನಂಬರಿನ ಚೌಕದಲ್ಲಿ ನಾಲ್ಕೈದು ಹೆಸರುಗಳು ಇಕ್ಕಟ್ಟಿನಲ್ಲಿ ಕೂರುತ್ತವೆ, ಯಾರ ಪಾಲು ಎಲ್ಲಿ ಎಂದು ಕಾಗದ ಹೇಳುವುದಿಲ್ಲ. ಇನ್ನೊಂದು ಮಾತು: ಹೊಸ ಕತ್ತಿ ರೈತನೊಬ್ಬನ ಕೈಗೇ ಬರಲಿಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಬೆಂಗಳೂರಿನ ಸುತ್ತ ಭೂಮಿ ಕೊಳ್ಳುವ ದೊಡ್ಡ ಕುಳಗಳಿಗೆ ಈ ವ್ಯವಸ್ಥೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು. ಒಬ್ಬ ರೈತನಿಗೆ ಬೇಕಾದದ್ದು ಒಂದು ನಂಬರು. ಅವರಿಗೆ ಬೇಕಾದದ್ದು ಇಡೀ ಪದರ.

ಎಲ್ಲಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಯಂತ್ರಕ್ಕೆ ಏರಿಸಿದ್ದು ಆಗ ಚಾಲ್ತಿಯಲ್ಲಿದ್ದ ಪಹಣಿಯನ್ನು ಮಾತ್ರ. ಹಿಂದಿನ ವರ್ಷಗಳು ಹಿಂದೆಯೇ ಉಳಿದವು. ವರ್ಷ ಎಂಬ ದಿಕ್ಕನ್ನು ಅಲ್ಲಿಗೆ ಕತ್ತರಿಸಿ, ಈಚೆಯ ಹೋಳನ್ನಷ್ಟೇ ಒಳಗೆ ತೆಗೆದುಕೊಂಡಂತಾಯಿತು. ಪಹಣಿ[84, 12, 1973] ಎಂದು ಕೇಳಿದರೆ ಯಂತ್ರದಲ್ಲಿ ಉತ್ತರವಿಲ್ಲ. ಅದು ರೆಕಾರ್ಡ್ ರೂಮಿನ ಗಂಟಿನಲ್ಲಿದೆ.

ಆ ಗಂಟುಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು. ಹುಳ ತಿನ್ನುವ ಮುನ್ನ, ಯಾರೋ ಹರಿದೊಯ್ಯುವ ಮುನ್ನ ಹಾಳೆಗಳು ಉಳಿದರೆ ಅದೇನೂ ಸಣ್ಣದಲ್ಲ. ಆದರೆ ಸ್ಕ್ಯಾನ್ ಮಾಡಿದ್ದು ಹಾಳೆಯ ಚಿತ್ರ, ಕೋಷ್ಟಕವಲ್ಲ. ಚಿತ್ರವನ್ನು ಎರಡು ಚುಕ್ಕಿಯಿಂದ ಕೊಯ್ದರೆ ಸಿಗುವುದು ಕಾಗದದ ಒಂದು ಚೂರಿನ ನೋಟ, ಹೆಸರಲ್ಲ. ಅದು ಪರದೆಯ ಮೇಲೆ ಬಂದ ಮೇಲೂ ಯಾರಾದರೂ ಕಣ್ಣು ಕಿರಿದು ಮಾಡಿ, ಗ್ರಾಮ ಲೆಕ್ಕಿಗನ ಮೋಡಿ ಅಕ್ಷರ ಕೂಡಿಸಿ, 12ನೇ ಕಾಲಮಿನಲ್ಲಿ ತಾತನ ಹೆಸರಿದೆಯೋ ‘ಸ್ವಂತ’ ಎಂದಿದೆಯೋ ಓದಿ ಹೇಳಬೇಕು.